ಮಣ್ಣಿನಡಿಯ ಬಟ್ಟೆಗೆ ಸಾಕ್ಷಿ ಯಾರು?

ಬಟ್ಟೆಯಂಗಡಿಗೆ ಹೋದಾಗ ನಮ್ಮ ಮನೆಯ ಹೆಂಗಸರು ಸೀರೆಯ ಸೆರಗನ್ನು ಬೆರಳಲ್ಲಿ ಹಿಡಿದು ತಿಕ್ಕಿ ನೋಡುತ್ತಾರೆ. ಬೆಳಕಿಗೆ ಒಡ್ಡಿ ನೇಯ್ಗೆಯನ್ನು ನೋಡುತ್ತಾರೆ. ನೂಲಿನಂತೆ ಸೀರೆ ಎಂಬುದು ಅವರಿಗೆ ಬರಿಯ ಗಾದೆಯಲ್ಲ, ಅನುಭವದ ಮಾತು. ಆದರೆ ಕೊಂಡುತಂದು ಮಣ್ಣಿನಲ್ಲಿ ಹೂತುಬಿಡುವ ಬಟ್ಟೆಯೊಂದಿದೆ. ಅದನ್ನು ಉಡುವವರಿಲ್ಲ, ಒಗೆಯುವವರಿಲ್ಲ. ಮೇಲೆ ಜಲ್ಲಿ ಬಿದ್ದ ಬಳಿಕ ನೋಡುವವರೂ ಇಲ್ಲ. ಅದೇ ರಸ್ತೆಯ ಅಡಿಗೆ ಹಾಸುವ ನಾರಿನ ಬಟ್ಟೆ. ತೆಂಗಿನ ನಾರಿನಿಂದ ನೇಯ್ದದ್ದಕ್ಕೆ ಸರ್ಕಾರದ ಕಾಗದಪತ್ರಗಳಲ್ಲಿ ‘ಭೂವಸ್ತ್ರ’ ಎಂಬ ಸೊಗಸಾದ ಹೆಸರಿದೆ. ಇದರ ಗುಣಕ್ಕೆ ಸಾಕ್ಷಿ ಹೇಳುವವರು ಯಾರು ಎಂಬುದನ್ನು ಈ ಸಲ ವಾಚಕರ ಮುಂದಿಡುತ್ತೇವೆ.

ಕೊಂಢವಾದಲ್ಲಿ ನೆಲೆಸಿರುವ ನಮಗೆ ಈ ವಿಷಯ ದೂರದ್ದೇನೂ ಅಲ್ಲ. ಇಲ್ಲಿಂದ ಬೋಪದೇವ ಘಾಟು ಹತ್ತಿ ಸಾಸವಡಕ್ಕೆ ಹೋಗುವವರು ದಾರಿಗಾಗಿ ಗುಡ್ಡ ಕಡಿದ ಇಳಿಜಾರುಗಳನ್ನು ಕಂಡಿದ್ದಾರೆ. ಸೊಲ್ಲಾಪುರ, ವಿಜಯಪುರ, ಕಲಬುರ್ಗಿಗಳ ಕಡೆಯ ನಮ್ಮವರಿಗಂತೂ ಎರೆಮಣ್ಣಿನ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗೆ ಅದು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಸುರಿದ ಜಲ್ಲಿ ಗಾಡಿಗಳ ಭಾರಕ್ಕೆ ಕೆಳಗಿಳಿಯುತ್ತದೆ. ಕೆಸರು ಜಲ್ಲಿಯ ಸಂದಿಯೊಳಗಿಂದ ಮೇಲೇರುತ್ತದೆ. ರಸ್ತೆ ಕೆಡುವುದು ಹೀಗೆ, ಒಳಗಿನಿಂದ.

ಮಣ್ಣಿಗೂ ಜಲ್ಲಿಗೂ ನಡುವೆ ನಾರಿನ ಬಟ್ಟೆ ಹಾಸಿದರೆ ನೀರು ಹಾಯ್ದುಹೋಗುತ್ತದೆ, ಕೆಸರಿಗೆ ತಡೆಯಾಗುತ್ತದೆ, ಭಾರ ಹರಡಿಕೊಳ್ಳುತ್ತದೆ. ಕೆಲವು ಕಾಲದಲ್ಲಿ ತಳದ ಮಣ್ಣು ಒತ್ತಿಕೊಂಡು ಗಟ್ಟಿಯಾಗುತ್ತದೆ. ಆಮೇಲೆ ನಾರು ಕೊಳೆತು ಮಣ್ಣಾದರೂ ಬಾಧಕವಿಲ್ಲ. ಕಮಾನಿನ ಗಾರೆ ಬಿಗಿಯುವವರೆಗೆ ಕೆಳಗೆ ಮರದ ಆಸರೆ ಕೊಟ್ಟು ಆಮೇಲೆ ತೆಗೆಯುವುದಿಲ್ಲವೆ? ಇದೂ ಹಾಗೆಯೇ. ಇಳಿಜಾರಿನಲ್ಲಿಯಾದರೆ ಹುಲ್ಲು ಬೇರೂರುವ ತನಕ ಮಣ್ಣನ್ನು ಹಿಡಿದಿಡುವುದು ಇದರ ಕೆಲಸ. ಸೆಣಬು ಬೇಗ ಕೊಳೆಯುತ್ತದೆ. ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಹೆಚ್ಚಾಗಿರುವುದರಿಂದ ತೆಂಗಿನ ನಾರು ಅದಕ್ಕಿಂತ ಹೆಚ್ಚು ಕಾಲ ತಡೆಯುತ್ತದೆ. ಈ ಉಪಾಯ ಹೊಸದೂ ಅಲ್ಲ. ಕಲ್ಕತ್ತೆಯ ಸ್ಟ್ರ್ಯಾಂಡ್ ರಸ್ತೆಯಲ್ಲಿ 1934ರಷ್ಟು ಹಿಂದೆಯೇ ಸೆಣಬಿನ ಬಟ್ಟೆಯನ್ನು ಹಾಸಿದ್ದರು.

ತೊಡಕಿರುವುದು ಇಲ್ಲಿಯೇ. ಒಳ್ಳೆಯ ಭೂವಸ್ತ್ರವೂ ಕೊನೆಗೆ ಕೊಳೆಯುತ್ತದೆ, ಕೆಟ್ಟದ್ದೂ ಕೊಳೆಯುತ್ತದೆ. ಹತ್ತು ವರ್ಷಗಳ ಮೇಲೆ ರಸ್ತೆ ಅಗೆದು ನೋಡಿದರೆ ಎರಡಕ್ಕೂ ಗುರುತಿರುವುದಿಲ್ಲ. ಆದ್ದರಿಂದ ಹೂಳುವ ಮೊದಲಿನ ಪರೀಕ್ಷೆಯೇ ನಿಜವಾದ ಪರೀಕ್ಷೆ.

ಆ ಪರೀಕ್ಷೆಗೆ ಕ್ರಮವುಂಟು. ಭಾರತೀಯ ಮಾನಕ ಬ್ಯೂರೊ 2008ರಲ್ಲಿ ತೆಂಗಿನ ನಾರಿನ ಭೂವಸ್ತ್ರಕ್ಕೆ ಐ.ಎಸ್. 15869 ಎಂಬ ಮಾನಕವನ್ನು ಗೊತ್ತುಮಾಡಿತು. ಚದರ ಮೀಟರಿಗೆ 400, 700, 900 ಗ್ರಾಂ ತೂಗುವ ಮೂರು ದರ್ಜೆಗಳು ಅದರಲ್ಲಿವೆ. ಪರೀಕ್ಷೆಯ ವಿಧಾನಗಳನ್ನು ಐ.ಎಸ್. 15868ರ ಆರು ಭಾಗಗಳಲ್ಲಿ ಹೇಳಿದೆ. ತೂಕ, ದಪ್ಪ, ನೀರಿನಲ್ಲಿ ಎಷ್ಟು ಉಬ್ಬುತ್ತದೆ, ಎಷ್ಟು ನೀರು ಹೀರುತ್ತದೆ, ಬೆಂಕಿ ತಗಲಿದರೆ ಹೇಗೆ ಕನಲುತ್ತದೆ ಎಂದೆಲ್ಲ ನೋಡುತ್ತಾರೆ. ಕಣ್ಣುಗಳ ಅಳತೆಗಂತೂ ಒಂದು ಚಮತ್ಕಾರವೇ ಇದೆ: ಪಾಠಶಾಲೆಗಳಲ್ಲಿ ಚಿತ್ರ ತೋರಿಸಲು ಬಳಸುವಂಥ ಪ್ರೊಜೆಕ್ಟರಿನ ಮೇಲೆ ಬಟ್ಟೆಯನ್ನಿಟ್ಟು, ದೊಡ್ಡದಾಗಿ ಬಿದ್ದ ನೆರಳಿನಲ್ಲಿ ತೂತುಗಳನ್ನು ಅಳೆಯುತ್ತಾರೆ! ಇಂಥ ಕೆಲಸಕ್ಕಾಗಿ ತೆಂಗಿನ ನಾರಿನ ಮಂಡಳಿಯ ಸಂಸ್ಥೆಗಳು ಕೇರಳದ ಕಲವೂರಿನಲ್ಲಿಯೂ ನಮ್ಮ ಬೆಂಗಳೂರಿನ ಪೀಣ್ಯದಲ್ಲಿಯೂ ಇವೆ.

2023ರ ಏಪ್ರಿಲ್‌ನಲ್ಲಿ ಕೇಂದ್ರದ ಜವಳಿ ಮಂತ್ರಾಲಯವು 19 ಬಗೆಯ ಭೂ-ಜವಳಿಗಳಿಗೆ ಐ.ಎಸ್.ಐ. ಮುದ್ರೆಯನ್ನು ಕಡ್ಡಾಯಮಾಡುವ ಆದೇಶ ಹೊರಡಿಸಿತು. ಪ್ಲಾಸ್ಟಿಕ್ಕಿನ ಸರಕುಗಳ ಜೊತೆಗೆ ಸೆಣಬಿನವೂ ತೆಂಗಿನ ನಾರಿನ ಭೂವಸ್ತ್ರವೂ ಆ ಪಟ್ಟಿಯಲ್ಲಿದ್ದವು.

ಕಡತಗಳ ನಡುವೆ ದಿನ ಕಳೆಯುವ ನಮಗೆ ಒಂದು ಮಾತು ಗೊತ್ತು: ಕಾಗದ ಬೇರೆ, ಸರಕು ಬೇರೆ. ಒಂದು ತುಂಡಿನ ಪರೀಕ್ಷಾಪತ್ರವನ್ನು ಬಿಲ್ಲಿಗೆ ಲಗತ್ತಿಸಿ, ಬೇರೊಂದು ಸುರುಳಿಯನ್ನು ಹಾಸಲು ಯಾರ ಅಡ್ಡಿಯೂ ಇರುವುದಿಲ್ಲ. ಮುದ್ರೆಯ ಹೆಚ್ಚಳವಿರುವುದು ಇಲ್ಲಿ. ಅದರ ಲೈಸೆನ್ಸು ತಯಾರಕನಿಗೆ ಸಲ್ಲುತ್ತದೆ. ಬ್ಯೂರೊದವರು ಕಾರ್ಖಾನೆಯಿಂದಲೂ ಮಾರುಕಟ್ಟೆಯಿಂದಲೂ ಮಾದರಿಗಳನ್ನು ತೆಗೆದು ನೋಡುತ್ತಾರೆ. ಲೈಸೆನ್ಸಿನ ಸಂಖ್ಯೆ ನಿಜವೇ ಎಂಬುದನ್ನು ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಯಾರಾದರೂ ತಾಳೆನೋಡಬಹುದು. ಆದರೂ ಮುದ್ರೆ ಕೆಲಸದ ಜಾಗದಲ್ಲಿ ಕಾವಲು ಕೂಡುವುದಿಲ್ಲ. 700 ಗ್ರಾಮಿನ ಬದಲು 400 ಗ್ರಾಮಿನದನ್ನು ಹಾಸಿದರೆ ಮುದ್ರೆಯೂ ಸಾಚಾ, ಮೋಸವೂ ಸಾಚಾ!

ಇದರಿಂದ ನಷ್ಟ ಯಾರಿಗೆ? ರಸ್ತೆಯಲ್ಲಿ ಗುಂಡಿ ಬಿದ್ದರೆ ಊರಿಗೆ ನಷ್ಟ. ಅದಕ್ಕಿಂತ ಹೆಚ್ಚಿನದು ನಾರು ನೂಲುವವರ ನಷ್ಟ. ಹಗುರ ಬಟ್ಟೆ ಹಾಸಿ ರಸ್ತೆ ಕೆಟ್ಟಾಗ ಹಾಸಿದವನನ್ನು ಯಾರೂ ದೂರುವುದಿಲ್ಲ. ‘ನಾರು ಪ್ರಯೋಜನವಿಲ್ಲ, ಪ್ಲಾಸ್ಟಿಕ್ಕೇ ಸರಿ’ ಎಂದುಬಿಡುತ್ತಾರೆ. ಒಬ್ಬನ ಕಳ್ಳತನಕ್ಕೆ ಒಂದು ಕಸುಬೇ ದಂಡ ತೆರಬೇಕಾಗುತ್ತದೆ. ಪರೀಕ್ಷೆಯ ಖರ್ಚು ಸಣ್ಣ ತಯಾರಕರಿಗೆ ಭಾರವೆಂಬುದೂ ನಿಜ. ಸಹಕಾರ ಸಂಘಗಳ ಮೂಲಕ ಆ ಭಾರವನ್ನು ಹಂಚಿಕೊಳ್ಳಬೇಕೇ ಹೊರತು ಪರೀಕ್ಷೆಯನ್ನೇ ಬಿಡಬಾರದು.

ಕನ್ನಡಿಗರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೆಯ ಹಂತದಲ್ಲಿ ತೆಂಗಿನ ನಾರಿನ ಭೂವಸ್ತ್ರ ಹಾಸುವುದಾಗಿ 2020ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಏಳು ರಾಜ್ಯಗಳಲ್ಲಿ ಒಟ್ಟು 1,674 ಕಿಲೋಮೀಟರು. ನಾವಿರುವ ಮಹಾರಾಷ್ಟ್ರಕ್ಕೆ 328 ಕಿಲೋಮೀಟರು. ತಿಪಟೂರು, ಅರಸೀಕೆರೆಗಳ ತೆಂಗಿನ ಸೀಮೆಯುಳ್ಳ ಕರ್ನಾಟಕದ ಹೆಸರು ಆ ಏಳರಲ್ಲಿ ಇರಲಿಲ್ಲ. ಕೊಬ್ಬರಿಗೆ ಹೆಸರಾದ ನಾಡು ಸಿಪ್ಪೆಯ ಬೆಲೆಯನ್ನೂ ಅರಿಯಬೇಡವೆ?

ರಜೆಗೆ ಊರಿಗೆ ಹೋದಾಗ, ಅಥವಾ ಇಲ್ಲಿಯೇ ಸುತ್ತಮುತ್ತಲ ಹಳ್ಳಿಗಳಲ್ಲಿ, ರಸ್ತೆಯ ಬದಿಗೆ ನಾರಿನ ಸುರುಳಿಗಳು ಕಂಡರೆ ನಿಂತು ನೋಡಿರಿ. ಮುದ್ರೆ ಇದೆಯೆ, ಸಂಖ್ಯೆ ಇದೆಯೆ, ಯಾವ ದರ್ಜೆ ಎಂದು ಕೇಳಿರಿ. ಉತ್ತರ ದೊರೆಯದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆ ಇದೆ. ಕಾಗದಗಳನ್ನು ನೋಡುವುದಷ್ಟೇ ಅಲ್ಲ, ಸರ್ಕಾರಿ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕನ್ನೂ ಅದು ಪ್ರಜೆಗೆ ಕೊಟ್ಟಿದೆ. ಸೀರೆಯ ಸೆರಗು ತಿಕ್ಕಿ ನೋಡುವ ಜಾಣ್ಮೆ ನಮ್ಮ ಮನೆಗಳಲ್ಲಿ ಆಗಲೇ ಇದೆ. ಅದನ್ನು ಜಲ್ಲಿ ಬೀಳುವುದಕ್ಕೆ ಮೊದಲು ರಸ್ತೆಯ ಬದಿಗೂ ಒಯ್ಯಬೇಕು, ಅಷ್ಟೆ.