ತುರ್ತುಚಿಕಿತ್ಸೆಯ ಬಾಗಿಲನ್ನು ತಟ್ಟುವುದು ಯಾವಾಗ?

ಊರ ಬಾವಿಯ ನೀರು ಎಲ್ಲರದು. ಆದರೆ ಮನೆಗೆ ಬೆಂಕಿ ಬಿದ್ದವನು ಕೊಡ ಹಿಡಿದು ಓಡಿ ಬಂದಾಗ, ಉಳಿದವರು ಹಗ್ಗವನ್ನು ಅವನ ಕೈಗೆ ಬಿಡುವುದು ಧರ್ಮ. ದೊಡ್ಡ ಆಸ್ಪತ್ರೆಗಳ ತುರ್ತುಚಿಕಿತ್ಸಾ ವಿಭಾಗವೂ ಇಂತಹ ಬಾವಿಯೇ ಸರಿ. ಹಗಲಿರುಳೂ ತೆರೆದಿರುವ ಆ ಬಾಗಿಲಿಗೆ ಯಾವಾಗ ಹೋಗತಕ್ಕದ್ದು, ಯಾವಾಗ ಹೋಗಲಾಗದು ಎಂಬ ವಿವೇಕವು ಪ್ರತಿಯೊಂದು ಸಂಸಾರದಲ್ಲಿಯೂ ಇರಬೇಕು.

ಅಲ್ಲಿ ಬಂದ ಸರದಿಯಂತೆ ಚಿಕಿತ್ಸೆ ನಡೆಯುವುದಿಲ್ಲ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯನಾಗಿದ್ದ ಲಾರೆ ಎಂಬಾತನು, ಗಾಯಾಳುಗಳ ಪದವಿಯನ್ನು ಲೆಕ್ಕಿಸದೆ ಗಾಯದ ತೀವ್ರತೆಯನ್ನೇ ನೋಡಿ ಉಪಚಾರದ ಕ್ರಮವನ್ನು ನಿಶ್ಚಯಿಸುತ್ತಿದ್ದನು. ಇಂದಿಗೂ ನಿಯಮವು ಅದೇ. ನಾಡಿ, ಉಸಿರು, ರಕ್ತದೊತ್ತಡ, ಪ್ರಜ್ಞೆ ಇವುಗಳನ್ನು ಪರೀಕ್ಷಿಸಿ, ಪ್ರಾಣಾಪಾಯದಲ್ಲಿರುವವರಿಗೆ ಕೆಂಪು, ಸ್ವಲ್ಪ ಕಾಲ ಕಾಯಬಲ್ಲವರಿಗೆ ಹಳದಿ, ಸಾಮಾನ್ಯ ರೋಗಿಗಳಿಗೆ ಹಸುರು ಎಂದು ಬಣ್ಣಗಳಿಂದ ವಿಂಗಡಿಸುವ ಪದ್ಧತಿಯುಂಟು. ಆದಕಾರಣ ನಮ್ಮ ತರುವಾಯ ಬಂದವರನ್ನು ಮೊದಲು ಒಳಕ್ಕೆ ಕರೆದರೆಂದು ದಾದಿಯರ ಮೇಲೆ ಸಿಟ್ಟಾಗುವುದು ತರವಲ್ಲ.

ಮೂರು ದಿನದ ನೆಗಡಿ, ಹಳೆಯ ಮಂಡಿನೋವು, ಗಾಯದ ಪಟ್ಟಿಯನ್ನು ಬದಲಿಸುವುದು, ರಜೆಗಾಗಿ ವೈದ್ಯರ ಪತ್ರ, ಇವಕ್ಕೆಲ್ಲ ಮನೆಯ ವೈದ್ಯರೋ ಹಗಲಿನ ಹೊರರೋಗಿ ವಿಭಾಗವೋ ಸಾಕು. ಹಗಲಿನ ಸಾಲನ್ನು ತಪ್ಪಿಸಿಕೊಳ್ಳಲೆಂದು ಇರುಳಿನಲ್ಲಿ ತುರ್ತುವಿಭಾಗಕ್ಕೆ ಹೋಗುವವನು, ಅರಿಯದೆಯೇ ಮತ್ತೊಬ್ಬನ ಉಸಿರಿನ ವೇಳೆಯನ್ನು ಕಸಿದುಕೊಳ್ಳುತ್ತಾನೆ.

ಇದಕ್ಕಿಂತ ಘೋರವಾದ ತಪ್ಪು, ಹೋಗಬೇಕಾದಾಗ ಹೋಗದಿರುವುದು. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡಿ ಬೆವರಿದರೆ ಅದನ್ನು ವಾಯುವೆಂದು ತಳ್ಳಿಹಾಕಬಾರದು. ಹೆಂಗಸರಲ್ಲಿಯೂ ಸಿಹಿಮೂತ್ರದ ರೋಗಿಗಳಲ್ಲಿಯೂ ಹೃದಯಾಘಾತವು ಬರಿಯ ಆಯಾಸ, ಏದುಸಿರು, ವಾಕರಿಕೆಗಳ ರೂಪದಲ್ಲಿ ಬರುವುದುಂಟು. "ಅಡಿಗೆ ಮುಗಿಯಲಿ, ಬೆಳಗಾಗಲಿ" ಎಂದು ನೋವನ್ನು ನುಂಗಿಕೊಳ್ಳುವ ತಾಯಂದಿರನ್ನು ಮನೆಯವರೇ ಎಚ್ಚರದಿಂದ ನೋಡಿಕೊಳ್ಳಬೇಕು.

ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ. ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು; ಆದುದರಿಂದ ಲಕ್ಷಣವು ಮೊದಲಾದ ವೇಳೆಯನ್ನು ಗುರುತಿಟ್ಟುಕೊಳ್ಳಿರಿ, ಬಾಯಿಗೆ ನೀರನ್ನೂ ಹಾಕಬೇಡಿರಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಸಲ್ಲದು. ಆ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯಬೇಕು. ನಿಲ್ಲದ ರಕ್ತಸ್ರಾವ, ದೊಡ್ಡ ಸುಟ್ಟಗಾಯ, ವಿಷಪ್ರಾಶನ, ಪ್ರಜ್ಞೆ ತಪ್ಪುವುದು, ಮೂರು ತಿಂಗಳು ತುಂಬದ ಶಿಶುವಿನ ಜ್ವರ, ಇವೂ ಕಾಯತಕ್ಕವಲ್ಲ.

ಕರ್ನಾಟಕದಲ್ಲಿ 2008ರಿಂದ 108 ಎಂಬ ಸಂಖ್ಯೆಗೆ ಕರೆ ಮಾಡಿದರೆ ಆಂಬುಲೆನ್ಸು ಬರುವ ಏರ್ಪಾಡಿದೆ. ಅಪಘಾತವಾದಾಗ ಪೋಲೀಸರ ವಿಧಿಗಳಿಗಾಗಿ ಕಾಯದೆ ಮೊದಲು ಪ್ರಾಣವನ್ನು ಉಳಿಸಬೇಕೆಂದು 1989ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ಹೊರಡುವಾಗ ರೋಗಿಯು ಸೇವಿಸುತ್ತಿರುವ ಔಷಧಗಳ ಚೀಟಿಯನ್ನು ಒಯ್ಯಿರಿ. ಜೊತೆಗೆ ಒಬ್ಬಿಬ್ಬರು ಹೋದರೆ ಸಾಕು.

ನಿಜವಾದ ಸಂದೇಹವಿದ್ದಾಗ ಮಾತ್ರ ಸಂಕೋಚಪಡದೆ ಹೊರಡಿರಿ. ಪರೀಕ್ಷಿಸಿದ ವೈದ್ಯರು "ಭಯವಿಲ್ಲ" ಎಂದು ಹಿಂದಕ್ಕೆ ಕಳುಹಿಸಿದರೆ ಅದು ಅವಮಾನವಲ್ಲ, ಭಾಗ್ಯ.