ಬೀದಿಯ ದೀಪ, ಠಾಣೆಯ ಕಾವಲು

ಅಪರಾಧವೆಂದೊಡನೆ ನಮ್ಮ ಮನಸ್ಸು ಠಾಣೆಯ ಕಡೆಗೆ ಓಡುತ್ತದೆ. ಕಳ್ಳನನ್ನು ಹಿಡಿಯುವವರು ಪೋಲೀಸರು, ಶಿಕ್ಷಿಸುವುದು ನ್ಯಾಯಾಲಯ. ಇದರಲ್ಲಿ ನಗರಪಾಲಿಕೆಗೆ ಏನು ಕೆಲಸ ಎಂದು ಶ್ರೋತೃಗಳು ಕೇಳಬಹುದು. ಕಳವು ನಡೆದ ಮೇಲಿನ ಮಾತಾದರೆ ಆ ಪ್ರಶ್ನೆ ಸರಿಯೇ. ನಡೆಯುವುದಕ್ಕೆ ಮುಂಚಿನ ಮಾತು ಬೇರೆ. ವಿಜಯಪುರದ ಬಸ್ ನಿಲ್ದಾಣದಲ್ಲಿ ರಾತ್ರಿ ಇಳಿದು ಮನೆಗೆ ನಡೆದು ಹೋಗುವ ಹೆಣ್ಣುಮಗಳೊಬ್ಬಳನ್ನು ನೆನೆದುಕೊಳ್ಳಿ. ಅವಳ ದಾರಿಯಲ್ಲಿ ದೀಪ ಉರಿಯುತ್ತಿದೆಯೆ, ಖಾಲಿ ನಿವೇಶನದಲ್ಲಿ ಜಾಲಿ ಬೆಳೆದಿದೆಯೆ, ಶೌಚಾಲಯಕ್ಕೆ ಎಷ್ಟು ದೂರ ಹೋಗಬೇಕು, ಇವಾವುವೂ ಠಾಣೆಯ ಲೆಕ್ಕದಲ್ಲಿಲ್ಲ, ಪಾಲಿಕೆಯ ಲೆಕ್ಕದಲ್ಲಿವೆ.

ನಮ್ಮ ಸಂವಿಧಾನವು ಈ ಎರಡು ಲೆಕ್ಕಗಳನ್ನೂ ಬೇರೆ ಬೇರೆ ಕೈಗಳಲ್ಲಿರಿಸಿದೆ. ಏಳನೆಯ ಅನುಸೂಚಿಯ ಮೇರೆಗೆ ಪೋಲೀಸು ರಾಜ್ಯ ಸರಕಾರದ ವಿಷಯ. 1992ರ 74ನೆಯ ತಿದ್ದುಪಡಿಯಿಂದ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಾದರೋ ಬೀದಿದೀಪ, ಬಸ್ ತಂಗುದಾಣ, ಸಾರ್ವಜನಿಕ ಶೌಚಾಲಯ ಇವು ನಗರಸಂಸ್ಥೆಗಳ ಪಾಲಿಗೆ ಬಂದಿವೆ. ಹೀಗಾಗಿ ಅಪರಾಧವನ್ನು ತಡೆಯುವ ಕೆಲಸ ಇಬ್ಬರದೂ ಆಗಿ, ಇಬ್ಬರ ಖರ್ಚಿನ ಪುಸ್ತಕದಲ್ಲಿಯೂ ಕಾಣದೆ ಹೋಗುತ್ತದೆ.

ಹಿಂದೆ ಹೀಗಿರಲಿಲ್ಲ. 1956ರವರೆಗೆ ಈ ಜಿಲ್ಲೆ ಮುಂಬಯಿಯ ಆಡಳಿತಕ್ಕೆ ಸೇರಿದ್ದಿತಷ್ಟೆ. ಅಲ್ಲಿಯ 1867ರ ಗ್ರಾಮ ಪೋಲೀಸು ಕಾಯಿದೆಯಂತೆ ಊರಿನ ಕಾವಲಿಗೆ ಪೋಲೀಸ್ ಪಾಟೀಲನು ಹೊಣೆ. ಅವನ ಕೈಕೆಳಗೆ ತಳವಾರನಂಥ ಊರ ಸೇವಕರು. ಅವರ ನಿರ್ವಾಹಕ್ಕೆ ವತನದ ಭೂಮಿ. ಎಂದರೆ ಕಾವಲಿನ ಖರ್ಚನ್ನು ಊರೇ ಹೊರುತ್ತಿತ್ತು, ಅಧಿಕಾರವನ್ನು ಸರಕಾರ ಕೊಡುತ್ತಿತ್ತು. ಹುಟ್ಟಿನಿಂದ ಬರುವ ಆ ಹುದ್ದೆಗಳನ್ನು 1961ರ ಕಾಯಿದೆ ರದ್ದುಗೊಳಿಸಿತು. ಅದು ನ್ಯಾಯವೇ ಆಯಿತು. ಆದರೆ ವತನ ಹೋದ ಮೇಲೆ ಊರ ಕಾವಲಿಗೆಂದು ಊರಿನಲ್ಲೇ ಮೀಸಲಿರುವ ಹಣವೆಂಬುದು ಉಳಿಯಲಿಲ್ಲ.

ಸರಕಾರದ ಹಣ ಬಂದ ಮಾತ್ರಕ್ಕೆ ಒಳಿತೇ ಆಗುವುದೆಂದು ತಿಳಿಯಬೇಕಾಗಿಲ್ಲ. ಇದಕ್ಕೆ ಕಹಿಯಾದ ಸಾಕ್ಷಿ ಈ ನಗರದಲ್ಲಿಯೇ ಉಂಟು. ಕಳೆದ ಶತಮಾನದ ಆರಂಭದಲ್ಲಿ ಅಪರಾಧ ನಿವಾರಣೆಯ ಹೆಸರಿನಲ್ಲಿ ಸರಕಾರವು ವಿಜಯಪುರ, ಗದಗ, ಹುಬ್ಬಳ್ಳಿಗಳಲ್ಲಿ ಸೆಟ್ಲಮೆಂಟುಗಳನ್ನು ನಡೆಸಿತು. 1871ರಲ್ಲಿ ಹುಟ್ಟಿ 1911ರಲ್ಲಿ ಬಿಗಿಯಾದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯ ಬಲದಿಂದ, ಏನೂ ಮಾಡದವರನ್ನೂ ಹುಟ್ಟಿದ ಕುಲದ ಕಾರಣದಿಂದ ಹಾಜರಿಯ ಕಟ್ಟಿಗೆ ಒಳಪಡಿಸಿದರು. ಆ ಕಾಯಿದೆ 1952ರಲ್ಲಿ ಹೋಯಿತು. ಕುಲಕ್ಕೆ ಅಂಟಿದ ಹೆಸರು ಅಷ್ಟು ಬೇಗ ಹೋಗಲಿಲ್ಲ. ಮನುಷ್ಯರ ಗುಂಪಿನ ಮೇಲೆ ಕಣ್ಣಿಡುವುದಕ್ಕೆ ಖರ್ಚುಮಾಡುವುದು ಒಂದು, ಎಲ್ಲರೂ ನಡೆಯುವ ಹಾದಿಯ ಮೇಲೆ ಖರ್ಚುಮಾಡುವುದು ಇನ್ನೊಂದು. ನಾನು ಹೇಳಹೊರಟಿರುವುದು ಎರಡನೆಯದನ್ನು.

ಇಂಗ್ಲೆಂಡಿನಲ್ಲಿ 1998ರ ಒಂದು ಕಾಯಿದೆ, ಸ್ಥಳೀಯ ಸಂಸ್ಥೆಗಳು ತಮ್ಮ ಪ್ರತಿಯೊಂದು ಕೆಲಸದಲ್ಲಿಯೂ ಅಪರಾಧದ ತಡೆಯನ್ನು ಗಮನಿಸಬೇಕೆಂದೂ, ಪೋಲೀಸರೊಡನೆ ಕೂಡಿ ಯೋಜನೆ ಮಾಡಬೇಕೆಂದೂ ವಿಧಿಸಿತು. 2020ರಿಂದ ಅಂಥ ಯೋಜನೆಗಳಿಗೆಂದೇ ಬೇರೆ ನಿಧಿಯೂ ಬಂದಿತು. ನಮ್ಮಲ್ಲಿ ಇದಕ್ಕೆ ಹತ್ತಿರವಾದುದು 2013ರಲ್ಲಿ ಕೇಂದ್ರ ಸರಕಾರ ಸ್ಥಾಪಿಸಿದ ನಿರ್ಭಯಾ ನಿಧಿ. 2018ರಲ್ಲಿ ಎಂಟು ಮಹಾನಗರಗಳ ಸುರಕ್ಷಿತ ನಗರ ಯೋಜನೆಗೆ ಒಪ್ಪಿಗೆ ದೊರೆತಾಗ ಬೆಂಗಳೂರಿನ ಪಾಲು 667 ಕೋಟಿ ರೂಪಾಯಿ. ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ಆ ಎಂಟರಲ್ಲಿ ವಿಜಯಪುರವಿರಲಿಲ್ಲ ಎಂದು ಹೇಳಬೇಕಾದ್ದೇ ಇಲ್ಲ.

ಹಾಗಾದರೆ ಸಣ್ಣ ಊರುಗಳ ಪಾಡೇನು? 15ನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಐದು ವರ್ಷಗಳಿಗೆ ಗ್ರಾಮ ಪಂಚಾಯಿತಿಗಳಿಗೆ ಕೊಡಿಸಿದ ಅನುದಾನದಲ್ಲಿ ನೂರಕ್ಕೆ 60 ಪಾಲು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಕಟ್ಟುಬಿದ್ದಿತ್ತು. ಉಳಿದ 40ರಲ್ಲಿ ಚರಂಡಿ, ರಸ್ತೆ, ಶಾಲೆಯ ದುರಸ್ತಿ ಎಲ್ಲವೂ ಸರದಿಯಲ್ಲಿ ನಿಲ್ಲಬೇಕು, ಬೀದಿದೀಪ ಕೊನೆಗೆ. ಸಂಬಳಕ್ಕೆ ಆ ಹಣ ಸಲ್ಲದು. ಅಥಣಿಯ ದಾರಿಯ ಮೇಲಿರುವ ತಿಕೋಟಾ, ಜಮಖಂಡಿಯ ದಾರಿಯ ಮೇಲಿರುವ ಬಬಲೇಶ್ವರ, ಎರಡೂ ಈಚೆಗೆ ತಾಲ್ಲೂಕು ಕೇಂದ್ರಗಳಾದುವು. ತಾಲ್ಲೂಕಾದ ಊರಿಗೆ ಕಚೇರಿಗಳು ಬರುತ್ತವೆ, ಕಚೇರಿಯ ಹಿಂದೆ ಜನ, ಜನದ ಹಿಂದೆ ರಾತ್ರಿಯ ಸಂಚಾರ. ದೀಪದ ಕಂಬಗಳು ಮಾತ್ರ ಹಳ್ಳಿಯ ಕಾಲದ ಲೆಕ್ಕದಲ್ಲಿಯೇ ಉಳಿದುಬಿಡುವ ಅಪಾಯವಿದೆ.

ದೀಪದಿಂದ ನಿಜವಾಗಿ ಫಲವುಂಟೆ? ನ್ಯೂಯಾರ್ಕಿನ ಸರಕಾರಿ ವಸತಿಗಳಲ್ಲಿ 2016ರಲ್ಲಿ ಚೀಟಿ ಎತ್ತಿದಂತೆ ಕೆಲವು ಕಡೆ ಮಾತ್ರ ಹೊಸ ದೀಪಗಳನ್ನು ನಿಲ್ಲಿಸಿ ನೋಡಿದರು. ಆ ಕಡೆಗಳಲ್ಲಿ ರಾತ್ರಿ ಬಯಲಿನಲ್ಲಿ ನಡೆಯುವ ಗಂಭೀರ ಅಪರಾಧಗಳು ನೂರಕ್ಕೆ ಸುಮಾರು 36ರಷ್ಟು ತಗ್ಗಿದುವೆಂದು ಕಂಡುಬಂದಿತು. ತಿಕೋಟೆಯ ದ್ರಾಕ್ಷಿಯ ತೋಟದಿಂದ ಪಂಪಿನ ತಂತಿ ಕದಿಯುವವನನ್ನು ಬೀದಿಯ ದೀಪ ತಡೆಯದು, ನಿಜ. ಮನೆಯೊಳಗಿನ ಹೊಡೆತವನ್ನಂತೂ ತಡೆಯಲಾರದು.

ಆದುದರಿಂದ ಸರಕಾರ ಹಣ ಕೊಡುವಾಗ ಕರಾರನ್ನು ಎಚ್ಚರದಿಂದ ಬರೆಯಬೇಕು. ಉದ್ಘಾಟನೆಯ ದಿನ ಎಲ್ಲ ದೀಪಗಳೂ ಉರಿಯುತ್ತವೆ. ಅದನ್ನು ನಾವೆಲ್ಲರೂ ನೋಡಿದ್ದೇವೆ. ಮೂರನೆಯ ಮಳೆಗಾಲದಲ್ಲಿ ಕೆಟ್ಟದ್ದನ್ನು ಯಾರು ಸರಿಪಡಿಸಬೇಕು, ಹೆಸ್ಕಾಂನ ಬಿಲ್ಲನ್ನು ಯಾವ ಬಾಬಿನಿಂದ ಕಟ್ಟಬೇಕು ಎಂಬುದು ಮೊದಲ ಕಂತು ಬರುವುದಕ್ಕೆ ಮುಂಚೆಯೇ ಕಾಗದದಲ್ಲಿರಲಿ. ಎಲ್ಲಿ ಕಂಬ ನೆಡಬೇಕೆಂಬುದನ್ನು ಗುತ್ತಿಗೆದಾರನಿಗೆ ಬಿಡದೆ, ಗಸ್ತಿನ ಪೋಲೀಸನೂ ವಾರ್ಡಿನ ಸದಸ್ಯನೂ ಆ ದಾರಿಯಲ್ಲಿ ನಡೆಯುವ ಹೆಂಗಸರೂ ಕೂಡಿ, ಹಗಲಿನಲ್ಲಲ್ಲ, ರಾತ್ರಿ ಒಂಬತ್ತು ಗಂಟೆಗೆ ಒಮ್ಮೆ ನಡೆದು ನೋಡಿ ಗುರುತು ಹಾಕಲಿ. ಪ್ರತಿ ಕಂಬಕ್ಕೂ ಒಂದು ಸಂಖ್ಯೆಯಿದ್ದು, ಆರಿದ ದೀಪದ ಸಂಖ್ಯೆ ಗಸ್ತಿನ ಪುಸ್ತಕದಲ್ಲಿಯೂ ಪಾಲಿಕೆಯ ಪುಸ್ತಕದಲ್ಲಿಯೂ ಅದೇ ರಾತ್ರಿ ಬರೆಯಲ್ಪಟ್ಟರೆ, ಮರುದಿನ ಬೆಳಿಗ್ಗೆ ಏಣಿ ಹೊತ್ತು ಹೊರಡುವವನಿಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿರುತ್ತದೆ.