ಸಣ್ಣ ಕಾರಿಗೆ ಹೊಂದುವ ಡಿಸ್ಕು, ಟಯರು: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿದು, ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿನಗಳಲ್ಲಿ ನಮ್ಮ ಸದಸ್ಯರು ಮನೆಯ ಮಾಡು, ಪಂಪ್‌ಸೆಟ್ಟು, ಸ್ಪ್ರೇಯರುಗಳ ಜೊತೆಗೆ ಕಾರಿನ ಕಡೆಗೂ ಗಮನ ಹರಿಸುವುದು ವಾಡಿಕೆ. ಮಳೆಗಾಲಕ್ಕೆ ಮುಂಚೆ ಟಯರು ಬದಲಿಸುವುದು ಒಳ್ಳೆಯ ಅಭ್ಯಾಸವೇ ಸರಿ. ಆದರೆ ಈಚೆಗೆ ಸಂಘದ ಕಚೇರಿಗೆ ಬಂದವರಲ್ಲಿ ಅನೇಕರು ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ: "ಹೇಗೂ ಹೊಸದು ಹಾಕಿಸುವುದು, ಒಂದು ಸೈಜು ದೊಡ್ಡದೇ ಹಾಕಿಸಿದರೆ ತೋಟದ ರಸ್ತೆಯಲ್ಲಿ ಅಡಿ ತಾಗುವುದಿಲ್ಲವಲ್ಲ ಸಾರ್?" ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಇಲ್ಲಿಯೇ ಬರೆಯುವುದು ಲೇಸೆಂದು ತೋರಿತು.

ಅಂಬಾಸಿಡರ್, ಫಿಯಟ್ ಕಾರುಗಳ ಕಾಲದಲ್ಲಿ ಈ ಗೊಂದಲವೇ ಇರಲಿಲ್ಲ. ಅಂಬಾಸಿಡರಿಗೆ 5.90–15, ಪ್ರೀಮಿಯರ್ ಪದ್ಮಿನಿಗೆ 5.20–14. ಅಂಗಡಿಯವನಿಗೆ ಕಾರಿನ ಹೆಸರು ಹೇಳಿದರೆ ಸಾಕಾಗಿತ್ತು. 1983ರ ಡಿಸೆಂಬರಿನಲ್ಲಿ 12 ಇಂಚಿನ ಪುಟ್ಟ ಗಾಲಿಗಳ ಮೇಲೆ ಮಾರುತಿ 800 ಬಂದಿತು. ಆಮೇಲೆ ಬಂದ ಕಾರುಗಳಲ್ಲಿ ಒಂದೊಂದಕ್ಕೆ ಒಂದೊಂದು ಅಳತೆ. ಒಂದೇ ಹೆಸರಿನ ಕಾರಿನಲ್ಲಿಯೇ ಕಡಿಮೆ ಬೆಲೆಯದಕ್ಕೆ ಒಂದು, ಹೆಚ್ಚು ಬೆಲೆಯದಕ್ಕೆ ಇನ್ನೊಂದು. ಆದುದರಿಂದ ಕಾರಿನ ಹೆಸರು ಹೇಳಿ ಟಯರು ಕೇಳುವ ಕಾಲ ಹೋಯಿತು. ಟಯರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಓದಲು ನಾವೇ ಕಲಿಯಬೇಕು.

ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿರುವ ಆಲ್ಟೋ 800 ಕಾರನ್ನೇ ತೆಗೆದುಕೊಳ್ಳೋಣ. ಅದರ ಟಯರಿನ ಮೇಲೆ 145/80 ಆರ್ 12 ಎಂದಿರುತ್ತದೆ. 145 ಎಂಬುದು ಟಯರಿನ ಅಗಲ, ಮಿಲಿಮೀಟರುಗಳಲ್ಲಿ. 80 ಎಂಬುದನ್ನು ಬಹಳ ಮಂದಿ ಎತ್ತರವೆಂದು ತಿಳಿಯುತ್ತಾರೆ. ಅದು ಎತ್ತರವಲ್ಲ, ಶೇಕಡಾವಾರು. ಅಂದರೆ ಪಕ್ಕೆಯ ಎತ್ತರವು ಅಗಲದ ನೂರಕ್ಕೆ 80 ಭಾಗ, 116 ಮಿ.ಮೀ. ಆರ್ ಎಂದರೆ ರೇಡಿಯಲ್. 12 ಎಂಬುದು ಡಿಸ್ಕಿನ ವ್ಯಾಸ, ಇದು ಮಾತ್ರ ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಬೆರೆಸಿದ ಪುಣ್ಯಾತ್ಮರು ಯಾರೋ ಕಾಣೆ.

ಈಗ ಇಡೀ ಗಾಲಿಯ ಎತ್ತರವನ್ನು ಲೆಕ್ಕ ಹಾಕಬಹುದು. 12 ಇಂಚನ್ನು 25.4ರಿಂದ ಗುಣಿಸಿದರೆ 304.8 ಮಿ.ಮೀ.; ಮೇಲೊಂದು ಕೆಳಗೊಂದು ಪಕ್ಕೆ ಸೇರಿ 232. ಒಟ್ಟು ಸುಮಾರು 537 ಮಿ.ಮೀ. ಕಾರಿನ ಗೇರು, ವೇಗ ತೋರಿಸುವ ಮೀಟರು, ಬ್ರೇಕು, ಮಡ್‌ಗಾರ್ಡಿನೊಳಗಿನ ಜಾಗ ಎಲ್ಲವನ್ನೂ ಈ ಎತ್ತರಕ್ಕೆ ಹೊಂದಿಸಿಯೇ ಮಾಡಿರುತ್ತಾರೆ. ಡಿಸ್ಕು ದೊಡ್ಡದಾದರೂ ಚಿಂತೆಯಿಲ್ಲ, ಪಕ್ಕೆ ಅಷ್ಟೇ ತಗ್ಗಬೇಕು. ಕಂಪನಿಯವರು ತಾವೇ ಇದನ್ನು ಮಾಡಿ ತೋರಿಸಿದ್ದಾರೆ. ಸ್ವಿಫ್ಟ್ ಕಾರು 165/80 ಆರ್ 14, 185/65 ಆರ್ 15 ಈ ಎರಡು ಅಳತೆಗಳಲ್ಲಿ ಬಂದಿದೆ. ಲೆಕ್ಕ ಹಾಕಿದರೆ ಒಂದು 620 ಮಿ.ಮೀ., ಇನ್ನೊಂದು 621 ಚಿಲ್ಲರೆ. ಡಿಸ್ಕು ಒಂದಿಂಚು ದೊಡ್ಡದು, ಅಗಲ 20 ಮಿ.ಮೀ. ಹೆಚ್ಚು, ಆದರೆ ಗಾಲಿಯ ಎತ್ತರ ಒಂದೇ. ಹಾಗೆಯೇ ಆಲ್ಟೋವಿನ 12 ಇಂಚಿನ ಗಾಲಿಗೆ 155/65 ಆರ್ 13 ಹೋಲಿಸಿದರೆ 532 ಮಿ.ಮೀ. ಬರುತ್ತದೆ, ವ್ಯತ್ಯಾಸ ಶೇಕಡಾ 1ರಷ್ಟು. ಅದೇ 145/80 ಆರ್ 13 ಆದರೆ 562 ಮಿ.ಮೀ., ಸುಮಾರು ಶೇಕಡಾ 5 ಹೆಚ್ಚು. ಎರಡೂ 13 ಇಂಚೇ, ಒಂದು ಹೊಂದುತ್ತದೆ, ಇನ್ನೊಂದು ಹೊಂದುವುದಿಲ್ಲ. ವ್ಯತ್ಯಾಸ ಶೇಕಡಾ 2ರ ಒಳಗಿರಲಿ ಎಂಬುದು ನನ್ನ ಅಭಿಪ್ರಾಯ, 3ನ್ನು ದಾಟಲೇಕೂಡದು.

ಇನ್ನು ಅಡಿ ತಾಗುವ ಮಾತು. ಗಾಲಿಯ ಎತ್ತರ ಎಷ್ಟು ಹೆಚ್ಚಿದರೂ ಕಾರು ಮೇಲೇಳುವುದು ಅದರ ಅರ್ಧದಷ್ಟು ಮಾತ್ರ, ಏಕೆಂದರೆ ಕಾರು ಕುಳಿತಿರುವುದು ಗಾಲಿಯ ನಡುವಿನ ಅಚ್ಚಿನ ಮೇಲೆ. ಶೇಕಡಾ 2 ಹೆಚ್ಚಿಸಿದರೆ ಆಲ್ಟೋ ಮೇಲೇಳುವುದು ಐದೂವರೆ ಮಿ.ಮೀ., ಒಂದು ಕಾಳು ಕಾಫಿಯ ದಪ್ಪ. ಇದಕ್ಕಾಗಿ ಸಾವಿರಾರು ರೂಪಾಯಿ ಸುರಿಯುವುದಕ್ಕಿಂತ ತೋಟದ ರಸ್ತೆಯ ನಡುವಿನ ದಿಣ್ಣೆಯನ್ನು ಇಬ್ಬರು ಆಳುಗಳಿಂದ ಅರ್ಧ ದಿನದಲ್ಲಿ ಕೆತ್ತಿಸುವುದು ಲಾಭಕರ. ಸವೆದ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ಬದಲಿಸಿದರೂ ಕಾರು ಇದಕ್ಕಿಂತ ಹೆಚ್ಚು ಮೇಲೇಳುತ್ತದೆ.

ಧಾರವಾಡದ ಕೃಷಿ ಕಾಲೇಜಿನಲ್ಲಿ ನನ್ನ ಸಹಪಾಠಿಯಾಗಿದ್ದ ಒಬ್ಬರು ವಿಜಯಪುರ ಜಿಲ್ಲೆಯ ಜೈನಾಪುರದಲ್ಲಿ ದ್ರಾಕ್ಷಿ, ಲಿಂಬೆ ಬೆಳೆಯುತ್ತಾರೆ. ನಮಗೆ ಜಾರುವ ಕೆಂಪು ಮಣ್ಣಾದರೆ ಅವರಿಗೆ ಅಂಟುವ ಕರಿ ಎರೆ ಮಣ್ಣು. ಎರಡು ಹನಿ ಬಿದ್ದರೆ ಸಾಕು, ಟಯರಿನ ಗೀರುಗಳಲ್ಲಿ ತುಂಬಿಕೊಂಡು ಗಾಲಿ ಹೋಳಿಗೆಯ ಕಣಕದಂತಾಗುತ್ತದೆ. ಬಂಡಿ ದಾರಿಯಲ್ಲಿ ಅಡಿ ತಾಗುವ ಕಾಟ ಅವರಿಗೂ ಇತ್ತು. ಪೇಟೆಯ ಅಂಗಡಿಯೊಂದರವರ ಮಾತು ಕೇಳಿ ತಮ್ಮ ಆಲ್ಟೋವಿಗೆ 14 ಇಂಚಿನ ಅಲಾಯ್ ಡಿಸ್ಕು, 175/65 ಟಯರು ಹಾಕಿಸಿದರು. ಲೆಕ್ಕ ಹಾಕಿ ನೋಡಿ: 583 ಮಿ.ಮೀ., ಅಂದರೆ ಶೇಕಡಾ 8ಕ್ಕೂ ಮೇಲೆ ಹೆಚ್ಚು. ಕಾರು 23 ಮಿ.ಮೀ. ಮೇಲೆದ್ದಿತು, ನೋಡುವುದಕ್ಕೂ ಚೆನ್ನಾಗಿ ಕಂಡಿತು. ಬಯಲುಸೀಮೆಯ ನೇರ ರಸ್ತೆಯಲ್ಲಿ ಒಬ್ಬರೇ ಓಡಾಡುವವರೆಗೆ ದೋಷವೇನೂ ತಿಳಿಯಲಿಲ್ಲ.

ಒಂದು ಏಪ್ರಿಲಿನಲ್ಲಿ ಅವರು ಸಂಸಾರ ಸಮೇತ ಹೊಸಪೇಟೆ, ಚಿತ್ರದುರ್ಗದ ಮೇಲೆ ನಮ್ಮಲ್ಲಿಗೆ ಬಂದು, ಮಾರನೆಯ ದಿನ ಧರ್ಮಸ್ಥಳಕ್ಕೆ ಹೋಗಿ ಚಾರ್ಮಾಡಿ ಘಾಟಿಯಲ್ಲಿ ಹಿಂದಿರುಗಿದರು. ಐದು ಜನ, ಹಿಂದೆ ಸಾಮಾನು. ತಿರುವುಗಳಲ್ಲಿ ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗಲೆಲ್ಲ ಮುಂದಿನ ಟಯರು ಮಡ್‌ಗಾರ್ಡಿನ ಒಳಗಡೆ ಉಜ್ಜಿತು. "ಗಾಡಿ ಬಲ ಸತ್ತಂಗ ಆಗೇತಪಾ, ಎರಡನೇ ಗೇರಿನ್ಯಾಗ ಏರಾಕ ಒಲ್ಲದು" ಎಂದರು. ಬಲ ಸತ್ತಿರಲಿಲ್ಲ. ಗಾಲಿ ಶೇಕಡಾ 8 ದೊಡ್ಡದಾದರೆ ಏರಿನಲ್ಲಿ ಅದನ್ನು ನೂಕುವ ಶಕ್ತಿ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಕೇವಲ 796 ಸಿ.ಸಿ. ಎಂಜಿನ್ನಿಗೆ ಅದು ಸಣ್ಣ ಮಾತಲ್ಲ. ಇಳಿಜಾರಿನಲ್ಲಿ ಬ್ರೇಕಿನ ಹಿಡಿತವೂ ಅದೇ ರೀತಿ ಸಡಿಲವಾಗುತ್ತದೆ ಎಂಬುದು ಇನ್ನೂ ಅಪಾಯಕರ. ಮೀಟರು 60 ತೋರಿಸುವಾಗ ಕಾರು ನಿಜವಾಗಿ 65ರಲ್ಲಿ ಓಡುತ್ತಿರುತ್ತದೆ. ಉಜ್ಜಿದ ಟಯರನ್ನು ಬಿಚ್ಚಿ ನೋಡಿದಾಗ ಒಳಪಕ್ಕೆಯಲ್ಲಿ ದಾರದ ಪದರ ಕಾಣುತ್ತಿತ್ತು. ಅದೇ ಸ್ಥಿತಿಯಲ್ಲಿ ವಿಜಯಪುರದವರೆಗೆ ವೇಗವಾಗಿ ಹೋಗಿದ್ದರೆ ದಾರಿಯಲ್ಲಿ ಎಲ್ಲಿಯಾದರೂ ಟಯರು ಸಿಡಿಯುವ ಸಂಭವವಿತ್ತು. ಪುಣ್ಯಕ್ಕೆ ಹಳೆಯ ಕಬ್ಬಿಣದ ಡಿಸ್ಕುಗಳನ್ನು ಅವರು ಮಾರಿರಲಿಲ್ಲ.

ಡಿಸ್ಕಿನ ವಿಚಾರದಲ್ಲಿ ವ್ಯಾಸ ಒಂದೇ ನೋಡಿದರೆ ಸಾಲದು. ಬೋಲ್ಟುಗಳು ಎಷ್ಟು ದೂರದಲ್ಲಿವೆ ಎಂಬುದು ಮೊದಲು. ನಾಲ್ಕು ಬೋಲ್ಟಿನ ಡಿಸ್ಕಿನಲ್ಲಿ ಎದುರುಬದುರಿನ ಎರಡು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆಯಬೇಕು. ಸ್ವಿಫ್ಟ್, ಐ10 ಮುಂತಾದವುಗಳಲ್ಲಿ ಇದು 100 ಮಿ.ಮೀ.; ಫೋರ್ಡ್ ಕಂಪನಿಯ ಸಣ್ಣ ಕಾರುಗಳಲ್ಲಿ 108; ಬೇರೆ ಕೆಲವು ಕಾರುಗಳಲ್ಲಿ 114.3. ಹತ್ತಿರ ಹತ್ತಿರದ ಅಳತೆಯನ್ನು ಬಲವಂತವಾಗಿ ಕೂರಿಸಿಕೊಡುವವರು ಇದ್ದಾರೆ. ಅಂಥ ಗಾಲಿ ಸೊಟ್ಟಗೆ ಕುಳಿತು, ನಟ್ಟು ತಾನಾಗಿ ಸಡಿಲವಾಗುತ್ತದೆ. ನಟ್ಟಿನ ಮರೆ ಸಹ ಬೇರೆಬೇರೆ: ಸುಜುಕಿಯದು 12 ಮಿ.ಮೀ. ದಪ್ಪಕ್ಕೆ 1.25ರ ಮರೆ, ಹ್ಯುಂಡೈಯದು ಅದೇ ದಪ್ಪಕ್ಕೆ 1.5. ಒಂದರದು ಇನ್ನೊಂದಕ್ಕೆ ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ, ಹಿಡಿದಿದೆ ಎಂದು ನಂಬಿದರೆ ಕೆಟ್ಟಿರಿ. ಡಿಸ್ಕಿನ ನಡುವಿನ ದೊಡ್ಡ ತೂತು ಕಾರಿನ ಹಬ್ಬಿಗೆ ಸರಿಯಾಗಿ ಕೂರಬೇಕು. ದೊಡ್ಡದಿದ್ದರೆ ಉಂಗುರ ಹಾಕಿಸಬೇಕು, ಇಲ್ಲವಾದರೆ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ನಡುಕ ಹೋಗದು. ಇದರ ಜೊತೆಗೆ ಡಿಸ್ಕು ಹಬ್ಬಿನಿಂದ ಎಷ್ಟು ಹೊರಗೆ, ಎಷ್ಟು ಒಳಗೆ ನಿಲ್ಲುತ್ತದೆ ಎಂಬ ಅಳತೆಯೊಂದುಂಟು, ಡಿಸ್ಕಿನ ಒಳಗಡೆ ಇ.ಟಿ. ಎಂದು ಬರೆದು ಮುಂದೆ ಅಂಕಿ ಕೊಟ್ಟಿರುತ್ತಾರೆ. ಅಂಕಿ ಕಡಿಮೆಯಾದಷ್ಟೂ ಗಾಲಿ ಹೊರಗೆ ಬರುತ್ತದೆ, ಬೇರಿಂಗು ಬೇಗ ಸವೆಯುತ್ತದೆ.

ಅಲಾಯ್ ಹಾಕಿಸಬೇಕೋ ಬೇಡವೋ ಎಂದು ಕೇಳಿದರೆ ತೋಟದವರಿಗೆ ಕಬ್ಬಿಣದ ಡಿಸ್ಕೇ ಮೇಲೆಂದು ಹೇಳುತ್ತೇನೆ. ಕಲ್ಲಿಗೆ ಬಡಿದರೆ ಕಬ್ಬಿಣ ನೆಗ್ಗುತ್ತದೆ, ಸಣ್ಣ ನೆಗ್ಗನ್ನು ಊರಿನ ಗ್ಯಾರೇಜಿನಲ್ಲಿಯೇ ತಟ್ಟಿ ಸರಿಮಾಡಬಹುದು. ಅಲಾಯ್ ಬಿರುಕು ಬಿಡುತ್ತದೆ. ಮಕ್ಕಳು ಒಪ್ಪುವುದಿಲ್ಲ, ಅದು ಬೇರೆ ಮಾತು.

ಅಳತೆಯ ಮುಂದೆ 74 ಟಿ ಎಂಬಂಥ ಗುರುತು ಇರುತ್ತದೆ. 74 ಎಂದರೆ ಒಂದು ಟಯರು 375 ಕಿಲೋ ಹೊರಬಲ್ಲದು. 79 ಆದರೆ 437, 82 ಆದರೆ 475. ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗದವರೆಗೆ ತಾಳುತ್ತದೆ. ವೇಗ ನಮಗೆ ಮುಖ್ಯವಲ್ಲ, ಭಾರ ಮುಖ್ಯ. ಹಿಂದಿನ ಸೀಟು ಮಡಚಿ ಐವತ್ತು ಕಿಲೋದ ಚೀಲಗಳನ್ನು ಪೇರಿಸುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆಂದು ನಾನು ಗೋದಾಮಿನ ಬಾಗಿಲಲ್ಲೇ ಕಾಣುತ್ತೇನೆ. ಕಂಪನಿ ಕೊಟ್ಟ ಅಂಕಿಗಿಂತ ಕಡಿಮೆಯ ಟಯರನ್ನು ಅಗ್ಗವೆಂದು ಕೊಳ್ಳಬೇಡಿ. ಐ.ಎಸ್.ಐ. ಗುರುತಿಲ್ಲದ ಟಯರಂತೂ ಬೇಡವೇ ಬೇಡ.

ತಯಾರಾದ ವಾರ, ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚು ಹಾಕಿರುತ್ತಾರೆ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರ. ನಮ್ಮ ಕಾರುಗಳು ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರು ಓಡಿದರೆ ಹೆಚ್ಚು. ಹಾಗಾಗಿ ನಮ್ಮ ಟಯರುಗಳು ಸವೆದು ಸಾಯುವುದಕ್ಕಿಂತ ಮುಪ್ಪಿನಿಂದ ಸಾಯುವುದೇ ಹೆಚ್ಚು. ಗೀರು ಆಳವಾಗಿದೆಯೆಂದು ಹತ್ತು ವರ್ಷ ಇಟ್ಟುಕೊಳ್ಳುವುದು ತಪ್ಪು. ಐದು ವರ್ಷ ದಾಟಿದ ಮೇಲೆ ಪ್ರತಿ ಮಳೆಗಾಲಕ್ಕೂ ಮುಂಚೆ ಪಕ್ಕೆಯಲ್ಲಿ ಬಿರುಕುಗಳಿವೆಯೇ ಎಂದು ನೋಡಬೇಕು. ಗೀರಿನ ನಡುವೆ ಅಲ್ಲಲ್ಲಿ ಕಾಣುವ ಸಣ್ಣ ಅಡ್ಡಗಟ್ಟುಗಳ ಮಟ್ಟಕ್ಕೆ ಟಯರು ಸವೆದರೆ ಉಳಿದಿರುವುದು 1.6 ಮಿ.ಮೀ.; ಅಲ್ಲಿಗೆ ಆಯುಷ್ಯ ಮುಗಿಯಿತು. ನಮ್ಮ ಜಡಿಮಳೆಗೆ 3 ಮಿ.ಮೀ. ಇರುವಾಗಲೇ ಬದಲಿಸುವುದು ಕ್ಷೇಮ.

ನಾಲ್ಕಕ್ಕೂ ಒಟ್ಟಿಗೆ ಹಣ ಹೊಂದದಿದ್ದರೆ ಎರಡನ್ನು ಕೊಂಡು ಹಿಂದಕ್ಕೆ ಹಾಕಿಸಿ. ಮುಂದಿನ ಗಾಲಿ ಎಳೆಯುವ ಕಾರಿಗೆ ಹೊಸದನ್ನು ಮುಂದೆ ಹಾಕಬೇಕೆಂಬುದು ಎಲ್ಲರ ನಂಬಿಕೆ. ಆದರೆ ಒದ್ದೆ ರಸ್ತೆಯಲ್ಲಿ ಮುಂದಿನ ಗಾಲಿ ಜಾರಿದರೆ ಕಾಲು ಸಡಿಲಿಸಿ ಸಂಭಾಳಿಸಬಹುದು. ಹಿಂದಿನದು ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ, ಎಂಥ ಚಾಲಕನಿಗೂ ಕೈ ಮೀರುತ್ತದೆ.

ಕಾನೂನಿನ ಮಾತು ಎರಡೇ ವಾಕ್ಯ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ವಾಹನವನ್ನು ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ಮಾರ್ಪಡಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದು ಇಂಥದ್ದನ್ನೇ.

ಕೊನೆಗೆ ಗಾಳಿ. ಜೈನಾಪುರದ ಗೆಳೆಯರು ಹೊರಡುವ ಮಧ್ಯಾಹ್ನ ವಿಜಯಪುರದಲ್ಲಿ 30 ಪಿ.ಎಸ್.ಐ. ಗಾಳಿ ಹಿಡಿಸಿದ್ದರು. ಅಲ್ಲಿ ಬಿಸಿಲು 40 ಡಿಗ್ರಿ. ನಮ್ಮಲ್ಲಿ ಮಾರನೆಯ ಬೆಳಿಗ್ಗೆ 18 ಡಿಗ್ರಿಯಲ್ಲಿ ಅಳೆದಾಗ 27ಕ್ಕೆ ಇಳಿದಿತ್ತು. ಎಲ್ಲಿಯೂ ಸೋರಿರಲಿಲ್ಲ; ಬಿಸಿ ಆರಿದರೆ ಗಾಳಿಯ ಒತ್ತಡ ಇಳಿಯುತ್ತದೆ, ಸುಮಾರು 7 ಡಿಗ್ರಿಗೆ 1 ಪಿ.ಎಸ್.ಐ.ನಂತೆ. ಓಡಿ ಬಿಸಿಯಾದ ಟಯರಿಗೆ ಹಿಡಿಸಿದ್ದರೆ ಇನ್ನೂ ಹೆಚ್ಚು ಇಳಿಯುತ್ತಿತ್ತು. ಇಲ್ಲಿಂದ ಬಯಲುಸೀಮೆಗೆ ಹೋಗುವವರಿಗೆ ಇದು ತಿರುವುಮುರುವು: ಇಲ್ಲಿನ 30 ಅಲ್ಲಿ 33ರ ಮೇಲೆ ತೋರಿಸುತ್ತದೆ. ಹೆದರಿ ಗಾಳಿ ಬಿಡಬಾರದು. ಚಾಲಕನ ಬಾಗಿಲ ಪಕ್ಕದ ಕಂಬದ ಮೇಲೆ ಅಂಟಿಸಿರುವ ಚೀಟಿಯ ಅಂಕಿ ತಣ್ಣಗಿರುವ ಟಯರಿಗೆ ಹೇಳಿದ್ದು. ಪೂರ್ತಿ ಭಾರಕ್ಕೆ ಹಿಂದಿನ ಗಾಲಿಗಳಿಗೆ ಬೇರೆ ಅಂಕಿಯಿದ್ದರೆ ಅದನ್ನೇ ಅನುಸರಿಸಬೇಕು. ಸ್ಟೆಪ್ನಿಗೂ ಅದೇ ದಿನ ಗಾಳಿ ನೋಡಿಸಿ.

ಸಂಘದ ಗೊಬ್ಬರದ ಗೋದಾಮಿನಲ್ಲಿ ಗಾಳಿಯ ಮಾಪಕವನ್ನೂ, ಗೀರಿನ ಆಳ ಅಳೆಯುವ ಕಡ್ಡಿಯನ್ನೂ ಇರಿಸಿದೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ ಬಂದು, ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ಆರಲು ಬಿಟ್ಟು, ಸದಸ್ಯರು ತಾವೇ ನೋಡಿಕೊಳ್ಳಬಹುದು. ಟಯರು ಕೊಳ್ಳಲು ಪೇಟೆಗೆ ಹೋಗುವವರು ಈಗಿರುವ ಅಳತೆಯನ್ನು, 74 ಟಿಯಂಥ ಗುರುತನ್ನೂ ಸೇರಿಸಿ, ಚೀಟಿಯಲ್ಲಿ ಬರೆದುಕೊಂಡು ಹೋಗತಕ್ಕದ್ದು.